ಮಡಚದ ಸೈಡ್ ಮಿರರ್: ಮನೆಯಲ್ಲೇ ಬಿಚ್ಚಿ ಸರಿ ಮಾಡುವುದು ಹೇಗೆ?

ಕಾರು ಲಾಕ್ ಮಾಡುತ್ತೀರಿ. ಎಡಗಡೆಯ ಮಿರರ್ ನೀಟಾಗಿ ಮಡಚಿಕೊಳ್ಳುತ್ತದೆ. ಬಲಗಡೆಯದ್ದು ಕರ್ರ್ ಅಂತ ಸದ್ದು ಮಾಡಿ ಇದ್ದಲ್ಲೇ ಇರುತ್ತದೆ. ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಪೂರ್ತಿ ಅಸೆಂಬ್ಲಿ ಬದಲಿಸಬೇಕು ಸಾರ್." ಗಾಜು ಚೆನ್ನಾಗಿರುತ್ತದೆ, ಇಂಡಿಕೇಟರ್ ಉರಿಯುತ್ತಿರುತ್ತದೆ, ಬಣ್ಣದ ಕವರ್ ಮೇಲೆ ಒಂದು ಗೀರೂ ಇರುವುದಿಲ್ಲ. ಆದರೂ ಬೆರಳ ತುದಿಯಷ್ಟು ಚಿಕ್ಕ ಪ್ಲಾಸ್ಟಿಕ್ ಗಿಯರ್ ಒಂದಕ್ಕೋಸ್ಕರ ಇಡೀ ಮಿರರ್ ಗುಜರಿಗೆ ಹೋಗುತ್ತದೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇರುವ ಯಾರೇ ಆದರೂ ಒಂದು ಭಾನುವಾರದ ಬಿಡುವಿನಲ್ಲಿ ಇದನ್ನು ಮಾಡಬಹುದು. ಒಂದೇ ಷರತ್ತು: ಯಾವ ಪಾರ್ಟ್ ಹೋಗಿದೆ ಅಂತ ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ, ಏನನ್ನೂ ಬಿಚ್ಚಬೇಡಿ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಇಲ್ಲಿಗೇ ನಿಲ್ಲಿಸಿ, ಕಂಪನಿಯವರ ಹತ್ತಿರವೇ ಮಾಡಿಸಿ.

ಒಳಗೆ ಏನಿದೆ?

ಮಿರರ್‌ನ ಬುಡದಲ್ಲಿ ಟೊಳ್ಳಾದ ಒಂದು ಕಂಬ ಇರುತ್ತದೆ. ಅದು ಬಾಗಿಲಿಗೆ ಬಿಗಿದ ಭಾಗ, ಅಲ್ಲಾಡುವುದಿಲ್ಲ. ವೈರುಗಳೆಲ್ಲ ಆ ಕಂಬದೊಳಗಿಂದಲೇ ಬಾಗಿಲಿಗೆ ಹೋಗುತ್ತವೆ. ಕಂಬದ ಸುತ್ತ ಹಲ್ಲುಗಳಿರುವ ಒಂದು ಬಳೆ, ಅದರ ಮೇಲೆ ಬಲವಾದ ಸ್ಪ್ರಿಂಗ್. 12 ವೋಲ್ಟಿನ ಪುಟ್ಟ ಮೋಟರ್ ಇರುವುದು ಮಿರರ್‌ನ ತಲೆಯ ಕಡೆ. ಮೋಟರ್ ವೇಗವಾಗಿ ತಿರುಗುತ್ತದೆ, ಆದರೆ ಅದಕ್ಕೆ ಶಕ್ತಿ ಕಡಿಮೆ. ಅದಕ್ಕೇ ನಡುವೆ ವರ್ಮ್ (ಸ್ಕ್ರೂವಿನಂಥ) ಗಿಯರ್‌ಗಳನ್ನು ಹಾಕಿ ವೇಗ ಇಳಿಸಿ ಶಕ್ತಿ ಹೆಚ್ಚಿಸಿರುತ್ತಾರೆ. ಕೊನೆಯ ಗಿಯರ್ ಆ ಬಳೆಯ ಹಲ್ಲು ಹಿಡಿದು ಕಂಬವನ್ನು ಸುತ್ತುತ್ತಾ ಹೋದಾಗ ತಲೆಯೂ ಜೊತೆಗೆ ತಿರುಗುತ್ತದೆ.

ಸ್ಪ್ರಿಂಗಿನ ಕೆಲಸ ಬೇರೆ. ಟ್ರಾಫಿಕ್ಕಿನಲ್ಲಿ ಬೈಕಿನವರು ಮಿರರ್‌ಗೆ ತಾಗಿಸಿಕೊಂಡು ಹೋದಾಗ ಬಳೆಯ ಕೆಳಗಿನ ಉಬ್ಬುಗಳು ತಮ್ಮ ಗುಳಿಯಿಂದ ಜಾರುತ್ತವೆ. ಗಿಯರ್ ಮುರಿಯದೆ ಮಿರರ್ ಮಡಚಿಕೊಳ್ಳುತ್ತದೆ. ಅಂದರೆ ಇದು ಕ್ಲಚ್. ಮಡಚುವ ಮೋಟರ್‌ಗೆ ವೈರು ಎರಡೇ: ಪ್ಲಸ್ ಮೈನಸ್ ಒಂದು ರೀತಿ ಬಂದರೆ ಮಡಚು, ಉಲ್ಟಾ ಬಂದರೆ ತೆರೆ. ಮಿರರ್ ಕೊನೆ ಮುಟ್ಟಿದಾಗ ಮೋಟರ್ ಸಿಕ್ಕಿಕೊಂಡು ಜಾಸ್ತಿ ಕರೆಂಟ್ ಎಳೆಯುತ್ತದೆ. ಅದನ್ನು ಗಮನಿಸಿ ಸಪ್ಲೈ ತಗ್ಗಿಸಲು ಒಳಗೊಂದು ಪುಟ್ಟ ಬೋರ್ಡ್ ಅಥವಾ ಬಿಸಿಯಾದರೆ ಕರೆಂಟ್ ತಡೆಯುವ ಪಿಟಿಸಿ ಎನ್ನುವ ಬಿಡಿಭಾಗ ಇರುತ್ತದೆ. ಕೆಲವು ಕಾರುಗಳಲ್ಲಿ ಈ ಕೆಲಸ ಕಾರಿನ ಕಂಟ್ರೋಲ್ ಯೂನಿಟ್‌ನದ್ದು.

ಬಿಚ್ಚುವ ಮೊದಲು ಸದ್ದು ಕೇಳಿ

ಸುತ್ತಮುತ್ತ ಗದ್ದಲ ಇಲ್ಲದ ಹೊತ್ತು ನೋಡಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಬೇಡ. ಒಬ್ಬರು ಸ್ವಿಚ್ ಒತ್ತಲಿ, ನೀವು ಮಿರರ್ ಹತ್ತಿರ ಕಿವಿ ಇಡಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಗುಂಯ್ ಅಂತ ಮೋಟರ್ ಸಲೀಸಾಗಿ ತಿರುಗುತ್ತಿದೆ, ಮಿರರ್ ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ಗಿಯರ್ ತನ್ನ ಶಾಫ್ಟ್ ಮೇಲೆ ಜಾರುತ್ತಿದೆ. ಮೋಟರ್ ಚೆನ್ನಾಗಿದೆ. ವೈರು, ಸ್ವಿಚ್, ಫ್ಯೂಸ್ ಎಲ್ಲವೂ ಚೆನ್ನಾಗಿವೆ. ಸೀದಾ ಗಿಯರ್ ಬಾಕ್ಸಿಗೆ ಹೋಗಬಹುದು.

ಕಟಕಟ ಅಂತ ಹಲ್ಲು ಹಾರುವ ಸದ್ದು ಬಂದರೆ ಎರಡು ಸಾಧ್ಯತೆ ಇದೆ. ಒಂದು, ಗಿಯರ್ ಬಿರುಕು ಬಿಟ್ಟಿದೆ ಅಥವಾ ಹಲ್ಲು ಸವೆದಿದೆ. ಇನ್ನೊಂದು, ಯಾರೋ ಕೈಯಿಂದ ಮಡಚಿದ್ದಾರೆ ಅಥವಾ ಬೈಕ್ ತಾಗಿದೆ, ಕ್ಲಚ್ ತನ್ನ ಗುಳಿ ಬಿಟ್ಟು ಕೂತಿದೆ. ಎರಡನೆಯದಕ್ಕೆ ರಿಪೇರಿಯೇ ಬೇಡ. ಸ್ವಿಚ್‌ನಿಂದಲೇ ಮಡಚಿ, ತೆರೆಯಿರಿ. ಬೇಕಿದ್ದರೆ ಕೈಯಲ್ಲಿ ತಲೆಯನ್ನು ಮೆಲ್ಲಗೆ ಹಿಡಿದು ಅದು ಹೋಗುವ ದಿಕ್ಕಿಗೇ ಸ್ವಲ್ಪ ಸಹಾಯ ಮಾಡಿ. ಟಕ್ ಅಂತ ಗಟ್ಟಿಯಾದ ಒಂದು ಸದ್ದು ಬಂತಾ? ಕ್ಲಚ್ ತನ್ನ ಜಾಗಕ್ಕೆ ಬಂತು. ಮತ್ತೆ ಕೆಲವು ಸಲ ಮಡಚಿ ತೆರೆದು ನೋಡಿ, ಸರಿಯಾಗಿದ್ದರೆ ಇಷ್ಟಕ್ಕೇ ಬಿಡಿ.

ಸಣ್ಣ ಟಿಕ್ ಸದ್ದು ಬಂದು ಸುಮ್ಮನಾದರೆ ಮೋಟರ್‌ಗೆ ಕರೆಂಟ್ ಬರುತ್ತಿದೆ, ಆದರೆ ಏನೋ ಬಿಗಿದುಕೊಂಡಿದೆ. ಧೂಳು ಸೇರಿ ಅಂಟಾಗಿರುವ ಹಳೆಯ ಗ್ರೀಸ್, ಕರಾವಳಿಯಾದರೆ ಉಪ್ಪುಗಾಳಿಗೆ ಹಿಡಿದ ತುಕ್ಕು ಇದಕ್ಕೆ ಕಾರಣ ಆಗಿರಬಹುದು. ತುಂಬಾ ನಿಧಾನವಾಗಿ ಮಡಚುವುದು, ಅರ್ಧಕ್ಕೆ ನಿಲ್ಲುವುದು ಕೂಡ ಇದೇ ಜಾತಿಯದ್ದು.

ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುತ್ತಿದ್ದರೆ ಗಿಯರ್ ಮೇಲೆ ಅನುಮಾನ ಪಡಬೇಡಿ. ಸ್ವಿಚ್, ರಿಲೇ ಅಥವಾ ಆ ಪುಟ್ಟ ಬೋರ್ಡ್ ನೋಡಿ. ಸದ್ದೇ ಇಲ್ಲದಿದ್ದರೆ ಮುಂದಿನ ಭಾಗ ನಿಮಗೆ.

ಕರೆಂಟ್ ಬರುತ್ತಿದೆಯಾ?

ಎರಡೂ ಕಡೆಯ ಮಿರರ್ ಒಟ್ಟಿಗೇ ಸತ್ತಿದ್ದರೆ ಫ್ಯೂಸ್, ಇಲ್ಲವೇ ಸ್ವಿಚ್. ಎರಡು ಮೋಟರ್ ಒಂದೇ ದಿನ ಹೋಗುವುದು ಅಪರೂಪ ಅಲ್ವಾ? ಓನರ್ಸ್ ಮ್ಯಾನುಯಲ್‌ನಲ್ಲಿ ಮಿರರ್ ಫ್ಯೂಸ್ ಎಲ್ಲಿದೆ ಅಂತ ನೋಡಿ ಬದಲಿಸಿ. ಹೊಸದೂ ಕೂಡಲೇ ಸುಟ್ಟರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಜಾಸ್ತಿ ಆಂಪ್‌ನ ಫ್ಯೂಸ್ ಹಾಕುವ ಯೋಚನೆ ಬೇಡವೇ ಬೇಡ, ವೈರ್ ಸುಟ್ಟುಹೋಗುತ್ತದೆ.

ಒಂದು ಕಡೆ ಮಾತ್ರ ಸತ್ತಿದ್ದರೆ ಮೊದಲು ಬಾಗಿಲ ಸಂದಿನ ರಬ್ಬರ್ ಬೂಟ್ ನೋಡಿ. ಬಾಗಿಲಿಗೂ ಕಾರಿನ ಬಾಡಿಗೂ ನಡುವೆ ವೈರುಗಳು ಅದರೊಳಗೇ ಹೋಗುತ್ತವೆ. ವರ್ಷಗಟ್ಟಲೆ ಬಾಗಿಲು ತೆಗೆದು ಹಾಕಿ ಅಲ್ಲಿ ತಾಮ್ರದ ಎಳೆಗಳು ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹಾಗೇ ಇರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಸ್ವಿಚ್ ಒತ್ತುತ್ತಾ ಬಾಗಿಲನ್ನು ನಿಧಾನವಾಗಿ ಆಡಿಸಿ. ಯಾವುದೋ ಒಂದು ಕೋನದಲ್ಲಿ ಮಿರರ್ ಕೆಲಸ ಮಾಡಿದರೆ ಕಳ್ಳ ಸಿಕ್ಕಿಬಿದ್ದ. ಬೂಟ್ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ಒಳಗೆ ತುಂಡಾದ ವೈರ್ ರಬ್ಬರಿನ ಹಾಗೆ ಉದ್ದವಾಗುತ್ತದೆ. ಬಾಗುವ ಜಾಗದಲ್ಲೇ ಸೋಲ್ಡರ್ ಮಾಡಿದರೆ ಮತ್ತೆ ಅಲ್ಲೇ ಮುರಿಯುತ್ತದೆ. ಬೂಟಿನ ಆಚೆ ಈಚೆ ಸೋಲ್ಡರ್ ಬರುವ ಹಾಗೆ ಹೊಸ, ಮೆತ್ತನೆಯ ಬಹು ಎಳೆಯ ವೈರ್ ತುಂಡು ಸೇರಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ.

ಬೂಟ್ ಸರಿಯಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಡಿಸಿ 20 ವೋಲ್ಟ್‌ಗೆ ಇಡಿ. ಮಿರರ್ ಕನೆಕ್ಟರ್ ಹಾಕಿರುವಾಗಲೇ ಅದರ ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಮಡಚುವ ಎರಡು ವೈರುಗಳ ನಡುವೆ ಅಳೆಯಿರಿ. ಕನೆಕ್ಟರ್ ಬಿಚ್ಚಿ ಅಳೆದರೆ ಕೆಲವು ಕಾರುಗಳಲ್ಲಿ ಕಂಟ್ರೋಲ್ ಯೂನಿಟ್ ಸಪ್ಲೈ ಕೊಡದೆಯೂ ಇರಬಹುದು. ಮಡಚುವ ಸ್ವಿಚ್ ಒತ್ತಿದಾಗ ಸುಮಾರು 12 ವೋಲ್ಟ್, ತೆರೆಯುವಾಗ ಅಷ್ಟೇ ವೋಲ್ಟ್ ಮೈನಸ್ ಗುರುತಿನ ಜೊತೆ ಬರಬೇಕು. ಕೆಲವೇ ಸೆಕೆಂಡ್ ಇದ್ದು ಹೋಗುತ್ತದೆ, ಕಣ್ಣು ಮೀಟರ್ ಮೇಲೇ ಇರಲಿ. ವೋಲ್ಟೇಜ್ ಬಂದೂ ಮೋಟರ್ ಸುಮ್ಮನಿದ್ದರೆ ದೋಷ ಮಿರರ್ ಒಳಗೇ ಇದೆ. ಬರದಿದ್ದರೆ ಮಿರರ್ ಬಿಚ್ಚಿ ಪ್ರಯೋಜನ ಇಲ್ಲ.

ಒಂದು ಎಚ್ಚರಿಕೆ. ಕೆಲವು ದುಬಾರಿ ಕಾರುಗಳ ಮಿರರ್‌ಗೆ ಪವರ್, ಅರ್ತ್ ಮತ್ತು ಒಂದು ಡೇಟಾ ವೈರ್ ಮಾತ್ರ ಹೋಗುತ್ತದೆ. ಕಂಟ್ರೋಲ್ ಬೋರ್ಡ್ ಮಿರರ್ ಒಳಗೇ ಇರುತ್ತದೆ. ಅಂಥದ್ದಕ್ಕೆ ಬ್ಯಾಟರಿಯಿಂದ ನೇರ ಸಪ್ಲೈ ಕೊಟ್ಟು ಪರೀಕ್ಷೆ ಮಾಡಬೇಡಿ, ಬೋರ್ಡ್ ಸುಡುತ್ತದೆ.

ಸಾಮಾನು

ಪ್ಲಾಸ್ಟಿಕ್ ಟ್ರಿಮ್ ಟೂಲ್, 10 ಎಂಎಂ ಸಾಕೆಟ್, ಸ್ಟಾರ್ ತಲೆಯ ಬಿಟ್‌ಗಳು, ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್, ಹೇರ್ ಡ್ರೈಯರ್, ಐಸೊಪ್ರೊಪಿಲ್ ಆಲ್ಕೋಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, ಪ್ಲಾಸ್ಟಿಕ್‌ಗೆ ಒಗ್ಗುವ ಸಿಲಿಕೋನ್ ಗ್ರೀಸ್, ವರ್ನಿಯರ್ ಕ್ಯಾಲಿಪರ್. ದಪ್ಪ ಕೈಗವಸು ಮತ್ತು ಸುರಕ್ಷತಾ ಕನ್ನಡಕ ಇಲ್ಲದೆ ಶುರು ಮಾಡಬೇಡಿ. ಒಂದು ಗಾಜಿಗೆ, ಇನ್ನೊಂದು ಸ್ಪ್ರಿಂಗಿಗೆ.

ಗಾಜು, ಕವರ್ ತೆಗೆಯುವುದು

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ. ಗಾಜಿನ ಮೇಲೆ ಅಗಲವಾದ ಟೇಪ್ ಅಡ್ಡಡ್ಡ ಅಂಟಿಸಿ. ಒಡೆದರೂ ಚೂರು ಹಾರುವುದಿಲ್ಲ. ಗಾಜಿನ ಒಂದು ಅಂಚನ್ನು ಬೆರಳಿನಿಂದ ಒಳಕ್ಕೆ ಒತ್ತಿದರೆ ಎದುರಿನ ಅಂಚು ಹೊರಗೆ ಬರುತ್ತದೆ. ಆ ಸಂದಿಯಲ್ಲಿ ಟ್ರಿಮ್ ಟೂಲ್ ಹಾಕಿ, ಗಾಜನ್ನಲ್ಲ, ಅದರ ಹಿಂದಿನ ಪ್ಲಾಸ್ಟಿಕ್ ತಟ್ಟೆಯನ್ನು ಮೀಟಿ. ಕ್ಲಿಪ್‌ಗಳು ಒಂದೊಂದಾಗಿ ಬಿಡುತ್ತವೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯ ಬೆಳಗ್ಗೆ ಈ ಕೆಲಸ ಬೇಡ. ತಣ್ಣಗಿದ್ದಾಗ ಪ್ಲಾಸ್ಟಿಕ್ ಕ್ಲಿಪ್ ಪಟ್ಟನೆ ಮುರಿಯುತ್ತದೆ. ಮಾಡಲೇಬೇಕಿದ್ದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿಕೊಳ್ಳಿ. ಗಾಜು ಬಿಟ್ಟ ತಕ್ಷಣ ಎಳೆಯಬೇಡಿ, ಹಿಂದೆ ಹೀಟರ್ ವೈರ್ ಇರಬಹುದು. ಅದನ್ನು ಕಳಚಿ ಗಾಜನ್ನು ಬಟ್ಟೆ ಮೇಲೆ ಮಲಗಿಸಿ.

ಬಣ್ಣದ ಕವರ್‌ನ ಕ್ಲಿಪ್‌ಗಳು ಈಗ ಒಳಗಿನಿಂದ ಕಾಣುತ್ತವೆ. ಒಂದೊಂದನ್ನೇ ಒತ್ತಿ ಕವರನ್ನು ಮುಂದಕ್ಕೆ ತಳ್ಳಿ.

ಬಾಗಿಲಿನಿಂದ ಬಿಡಿಸುವುದು

ಬಾಗಿಲ ಒಳಗಡೆ, ಕಿಟಕಿಯ ಮುಂದಿನ ಮೂಲೆಯಲ್ಲಿ ತ್ರಿಕೋನದ ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮೀಟಿದರೆ ಮಿರರ್‌ನ ಬೋಲ್ಟ್‌ಗಳು ಕಾಣುತ್ತವೆ, ಸಾಮಾನ್ಯವಾಗಿ 3. ಮಿರರ್ ಬಾಗಿಲ ತಗಡಿನ ಮೇಲೇ ಕೂತಿದ್ದರೆ ಇಡೀ ಡೋರ್ ಟ್ರಿಮ್ (ಬಾಗಿಲ ಒಳಗಿನ ಹೊದಿಕೆ) ತೆಗೆಯಬೇಕಾಗಬಹುದು. ಆಗ ಹ್ಯಾಂಡಲ್ ಹಿಂದೆ, ಆರ್ಮ್‌ರೆಸ್ಟ್ ಕೆಳಗೆ ಅಡಗಿರುವ ಸ್ಕ್ರೂಗಳನ್ನು ಹುಡುಕಿ ಬಿಚ್ಚಿದ ಮೇಲೆಯೇ ಟ್ರಿಮ್ ಎಳೆಯಿರಿ. ಒಳಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಹರಿಯದಿರಲಿ. ಅದು ಮಳೆನೀರು ಕಾರಿನೊಳಗೆ ಬರದಂತೆ ತಡೆಯುತ್ತದೆ. ವಾಪಸ್ ಅಂಟಿಸುವಾಗ ಸಂದು ಬಿಟ್ಟರೆ ಮುಂಗಾರಿನಲ್ಲಿ ಕಾರ್ಪೆಟ್ ಒದ್ದೆಯಾಗುತ್ತದೆ.

ಬೋಲ್ಟ್ ಬಿಚ್ಚುವ ಮುಂಚೆ ಕೆಳಗಿನ ಸಂದಿಗೆ ಬಟ್ಟೆ ತುರುಕಿ. ನಟ್ಟು ಬಾಗಿಲೊಳಗೆ ಬಿದ್ದರೆ ಹುಡುಕುವುದೇ ಒಂದು ಕೆಲಸ. ಕನೆಕ್ಟರ್ ಕಳಚಿ. ಕೊನೆಯ ಬೋಲ್ಟ್ ಬಿಚ್ಚುವಾಗ ಹೊರಗಿನಿಂದ ಒಬ್ಬರು ಮಿರರ್ ಹಿಡಿದುಕೊಂಡಿರಲಿ.

ಮೋಟರ್ ಬಿಡಿಸುವುದು, ಸ್ಪ್ರಿಂಗಿನ ಎಚ್ಚರ

ಇನ್ನು ಮೇಜಿನ ಮೇಲಿನ ಕೆಲಸ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅದರಲ್ಲೂ ಕನೆಕ್ಟರ್‌ನಲ್ಲಿ ಯಾವ ಬಣ್ಣದ ವೈರ್ ಯಾವ ತೂತಿನಲ್ಲಿದೆ ಅನ್ನುವುದು ಸ್ಪಷ್ಟವಾಗಿ ಕಾಣಬೇಕು.

ಮೊದಲು ಸ್ಪ್ರಿಂಗ್ ಮುಟ್ಟದೆ ಕೆಲಸ ಆಗುತ್ತದಾ ನೋಡಿ. ಎಷ್ಟೋ ಮಿರರ್‌ಗಳಲ್ಲಿ ಮೋಟರ್ ಮೇಲಿನ ಮುಚ್ಚಳ ಬೇರೆಯೇ ಇರುತ್ತದೆ. ಕೆಲವು ಸಣ್ಣ ಸ್ಕ್ರೂ ಅಥವಾ ಕ್ಲಿಪ್ ತೆಗೆದರೆ ಮೋಟರ್, ವರ್ಮ್, ಮೊದಲ ಗಿಯರ್ ಎಲ್ಲ ಕೈಗೆ ಸಿಗುತ್ತವೆ. ಬಹಳಷ್ಟು ಸಲ ಹಾಳಾಗಿರುವುದೂ ಅಲ್ಲೇ.

ಕಂಬದ ಹತ್ತಿರದ ಬಳೆಯನ್ನೇ ನೋಡಬೇಕು, ಅಥವಾ ಕಾರು ಓಡುವಾಗ ಮಿರರ್ ಸಡಿಲವಾಗಿ ಅಲ್ಲಾಡುತ್ತಿದೆ ಅಂದರೆ ಮಾತ್ರ ಸ್ಪ್ರಿಂಗ್ ತೆಗೆಯಿರಿ. ಅದರ ಮೇಲೆ ಒಂದು ಲಾಕ್ ವಾಷರ್ ಕೂತಿರುತ್ತದೆ. ಸ್ಪ್ರಿಂಗ್ ತುಂಬಾ ಒತ್ತಡದಲ್ಲಿರುತ್ತದೆ, ಬರೀ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ವಾಷರ್ ಮುಖಕ್ಕೆ ಹಾರುತ್ತದೆ. ಸ್ಪ್ರಿಂಗಿಗಿಂತ ಸ್ವಲ್ಪ ದೊಡ್ಡ ಪೈಪ್ ತುಂಡಿನಲ್ಲಿ ಪಕ್ಕಕ್ಕೆ ಒಂದು ಕಿಟಕಿ ಕೊರೆದುಕೊಳ್ಳಿ. ಅದನ್ನು ವಾಷರ್ ಮೇಲಿಟ್ಟು ಬೆಂಚ್ ವೈಸ್‌ನಲ್ಲಿ ನಿಧಾನವಾಗಿ ಒತ್ತಿ. ವಾಷರ್ ಸಡಿಲವಾದಾಗ ಕಿಟಕಿಯಿಂದ ತಿರುಗಿಸಿ ಬಿಡಿಸಿ, ಆಮೇಲೆ ವೈಸ್ ಮೆಲ್ಲಗೆ ಬಿಡಿ. ಕನ್ನಡಕ ಹಾಕಿರಿ, ಮುಖ ಪಕ್ಕಕ್ಕಿರಲಿ. ವೈಸ್ ಇಲ್ಲದಿದ್ದರೆ ಇದೊಂದು ಹಂತವನ್ನು ಹತ್ತಿರದ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದೇ ಜಾಣತನ.

ಕಂಬದೊಳಗಿಂದ ವೈರ್ ಹೊರತೆಗೆಯಲು ಕನೆಕ್ಟರ್‌ನ ಪಿನ್‌ಗಳನ್ನು ಬಿಡಿಸಬೇಕಾಗುತ್ತದೆ. ಪಿನ್ ಬಿಡದಿದ್ದರೆ ವೈರ್ ಕತ್ತರಿಸಿ, ಆದರೆ ಎಲ್ಲವನ್ನೂ ಒಂದೇ ಜಾಗದಲ್ಲಿ ಕತ್ತರಿಸಬೇಡಿ. ಮೇಲೆ ಕೆಳಗೆ ಮಾಡಿ ಕತ್ತರಿಸಿದರೆ ಆಮೇಲೆ ಸೋಲ್ಡರ್ ಗಂಟುಗಳು ಒಂದೇ ಕಡೆ ಸೇರಿ ಕಂಬದೊಳಗೆ ಸಿಕ್ಕಿಕೊಳ್ಳುವುದಿಲ್ಲ.

ಗಿಯರ್ ಬಾಕ್ಸ್ ಒಳಗೆ

ಲೋಹದ ಶಾಫ್ಟ್ ಮೇಲೆ ಒತ್ತಿ ಕೂರಿಸಿರುವ ಪ್ಲಾಸ್ಟಿಕ್ ಗಿಯರ್ ಹುಡುಕಿ. ಮೊದಲ ನೋಟಕ್ಕೆ ಅದು ಹೊಸದರ ಹಾಗೇ ಕಾಣುತ್ತದೆ. ಗ್ರೀಸ್ ಒರೆಸಿ, ಬೆಳಕಿಗೆ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ಹಲ್ಲುಗಳ ನಡುವಿನ ಸಂದುಗಳನ್ನು ನೋಡಿ. ಯಾವುದೋ ಒಂದು ಸಂದು ಉಳಿದವಕ್ಕಿಂತ ಕೂದಲೆಳೆಯಷ್ಟು ಅಗಲ ಇರುತ್ತದೆ. ಅಲ್ಲಿಂದ ನಡುವಿನ ತೂತಿನವರೆಗೆ ತೆಳ್ಳನೆಯ ಒಂದು ಗೆರೆ ಹೋಗಿರುತ್ತದೆ. ಅದೇ ಬಿರುಕು. ಶಾಫ್ಟ್ ಹಿಡಿದು ಬೆರಳಲ್ಲಿ ಗಿಯರ್ ತಿರುವಿದರೆ ಜಾರುತ್ತದೆ. ತಯಾರಾದ ದಿನದಿಂದ ಆ ಪ್ಲಾಸ್ಟಿಕ್ ಲೋಹದ ಶಾಫ್ಟ್ ಅನ್ನು ಬಿಗಿಯಾಗಿ ಅಪ್ಪಿಕೊಂಡೇ ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಕಾವು ಬೇರೆ. ವರ್ಷಗಳು ಕಳೆದಂತೆ ಆ ಎಳೆತಕ್ಕೇ ಬಿರಿಯುತ್ತದೆ.

ಫೆವಿಕ್ವಿಕ್ ಹಾಕೋಣ ಅನ್ನಿಸುವುದು ಸಹಜ. ಹಾಕಬೇಡಿ. ಇಂಥ ಗಿಯರ್‌ಗಳನ್ನು ಹೆಚ್ಚಾಗಿ ಅಸಿಟಾಲ್ ಅಥವಾ ನೈಲಾನ್‌ನಿಂದ ಮಾಡುತ್ತಾರೆ. ಅಸಿಟಾಲ್ ನುಣುಪು ಪ್ಲಾಸ್ಟಿಕ್, ಅಂಟು ಅದನ್ನು ಗಟ್ಟಿಯಾಗಿ ಹಿಡಿಯುವುದೇ ಇಲ್ಲ. ಕೆಲವೇ ಸಲ ಮಡಚುವಷ್ಟರಲ್ಲಿ ಮತ್ತೆ ಅದೇ ಸದ್ದು.

ಹೊಸ ಗಿಯರ್ ತರುವಾಗ ಹಲ್ಲಿನ ಸಂಖ್ಯೆ, ಹೊರಗಿನ ವ್ಯಾಸ, ದಪ್ಪ, ನಡುವಿನ ತೂತಿನ ಅಳತೆ ಇಷ್ಟನ್ನೂ ಬರೆದುಕೊಳ್ಳಿ. ಹಲ್ಲುಗಳು ಎಡಕ್ಕೆ ವಾಲಿವೆಯಾ ಬಲಕ್ಕೆ ವಾಲಿವೆಯಾ ಅನ್ನುವುದನ್ನೂ ನೋಡಿ. ಇದನ್ನು ಮರೆತರೆ ಅಳತೆಯೆಲ್ಲ ಸರಿ ಇದ್ದೂ ಗಿಯರ್ ಕೂರುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ಹಿತ್ತಾಳೆಯ ಗಿಯರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದನ್ನು ಸುತ್ತಿಗೆಯಲ್ಲಿ ಹೊಡೆಯದೆ ವೈಸ್‌ನಲ್ಲಿ ನೇರವಾಗಿ ಒತ್ತಿ ಕೂರಿಸಿ. ಸ್ವಲ್ಪ ಸಡಿಲ ಅನ್ನಿಸಿದರೆ ಬೇರಿಂಗ್ ಕೂರಿಸಲು ಬಳಸುವ ಹಸಿರು ರಿಟೇನಿಂಗ್ ದ್ರವದ ಒಂದು ಹನಿ ಸಾಕು. ಲೋಹಕ್ಕೆ ಲೋಹ ಇರುವ ಕಡೆ ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕು ಬಿಡಿಸುತ್ತದೆ. ಪೂರ್ತಿ ಒಣಗಿಸಿ, ಹೆಚ್ಚಾದದ್ದನ್ನು ಒರೆಸಿದ ಮೇಲೆಯೇ ಜೋಡಿಸಿ.

ಗಿಯರ್ ಸಿಗದಿದ್ದರೆ ಅದೇ ಮಾಡೆಲ್‌ನ ಗಾಜು ಒಡೆದ ಹಳೆಯ ಮಿರರ್ ಹುಡುಕಿ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಅಂಗಡಿಗಳು, ಜೆ.ಸಿ. ರೋಡ್ ಇವೆ. ಗಾಜು ಹೋದ ಮಿರರ್ ಯಾರಿಗೂ ಬೇಡ, ನಿಮಗೆ ಬೇಕಾದ ಮೋಟರ್ ಮಾತ್ರ ಅದರೊಳಗೆ ಚೆನ್ನಾಗಿರಬಹುದು. ವಿದೇಶಿ ಮಾರಾಟಗಾರರಿಂದ ತರಿಸುವುದಾದರೆ "ಡ್ರೈವರ್ ಸೈಡ್" ಅನ್ನುವ ಮಾತನ್ನು ನಂಬಬೇಡಿ. ಅಮೆರಿಕದಲ್ಲಿ ಡ್ರೈವರ್ ಕೂರುವುದು ಎಡಗಡೆ. ಎಡ, ಬಲ ಅಂತಲೇ ಕೇಳಿ.

ಗಿಯರ್ ಸರಿಯಿದ್ದರೆ ಮೋಟರನ್ನು ಒಂಟಿಯಾಗಿ ಹೊರತೆಗೆದು ಅದಕ್ಕೇ 12 ವೋಲ್ಟ್ ಕೊಟ್ಟು ನೋಡಿ. ವೈರ್ ನಡುವೆ 3 ಆಂಪ್ ಫ್ಯೂಸ್ ಇರಲಿ. ತಿರುಗದ ಮೋಟರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಮೋಟರ್ ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದಿದೆ, ಮೋಟರ್ ಬದಲಿಸಿ. ಮೋಟರ್ ಚೆನ್ನಾಗಿ ತಿರುಗುತ್ತಿದೆ ಅಂದರೆ ಬೋರ್ಡ್ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ನೀರು ಹೋಗಿದೆ ಅಂತ ಅರ್ಥ. ಆಲ್ಕೋಹಾಲ್ ಮತ್ತು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಬಿಟ್ಟಿರುವ ಸೋಲ್ಡರ್ ಮತ್ತೆ ಹಾಕಿ. ಪಿಟಿಸಿ ತಣ್ಣಗಿದ್ದಾಗ ಮೀಟರ್ ಕೆಲವೇ ಓಮ್ ತೋರಿಸಬೇಕು. ಓಪನ್, ಅಂದರೆ ಕರೆಂಟಿನ ದಾರಿ ಕಡಿದಿದೆ ಅಂತ ತೋರಿಸಿದರೆ ಅದು ಹೋಗಿದೆ. ಅದರ ಜಾಗದಲ್ಲಿ ಸುಮ್ನೆ ವೈರ್ ತುಂಡು ಹಾಕಬೇಡಿ. ಮಿರರ್ ಕೊನೆ ಮುಟ್ಟಿದಾಗ ಕರೆಂಟ್ ತಗ್ಗಿಸುವವರು ಯಾರೂ ಇಲ್ಲದೆ ಮೋಟರ್ ಸುಡುತ್ತದೆ. ಎಸ್.ಪಿ. ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಬಜಾರಿಗೆ ಹಳೆಯದನ್ನು ಒಯ್ದು ಅದೇ ಗುಣದ ಪಿಟಿಸಿ ತನ್ನಿ.

ಗ್ರೀಸ್ ಮತ್ತು ಜೋಡಣೆ

ಹಳೆಯ ಗ್ರೀಸನ್ನು ಪೂರ್ತಿ ತೆಗೆಯಿರಿ. ಪೆಟ್ರೋಲ್, ಥಿನ್ನರ್ ಬೇಡ, ಪ್ಲಾಸ್ಟಿಕ್ ಹಾಳಾಗಬಹುದು. ಹೊಸ ಗ್ರೀಸ್ ಹಲ್ಲುಗಳ ಮೇಲೆ ತೆಳುವಾಗಿ ಸವರಿದರೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಮುಗಿಸುವವರಿದ್ದಾರೆ. ಅದು ಇರುವ ಗ್ರೀಸನ್ನೂ ತೊಳೆದುಬಿಡುತ್ತದೆ, ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಬಿಗಿಯುತ್ತದೆ.

ಮುಚ್ಚಳ ಹಾಕುವಾಗ ಅದರ ರಬ್ಬರ್ ಸೀಲ್ ತಿರುಚಿಕೊಂಡಿಲ್ಲ ಅಂತ ನೋಡಿ. ನೀರು ಹೋಗುವುದು ಅಲ್ಲಿಂದಲೇ. ಕಂಬದೊಳಗಿನ ವೈರ್ ಸ್ವಲ್ಪ ಸಡಿಲ ಇರಲಿ, ಪ್ರತಿ ಸಲ ಮಡಚಿದಾಗಲೂ ಅದು ತಿರುಚಿಕೊಳ್ಳಬೇಕು. ಬಾಗಿಲಿಗೆ ಬಿಗಿಯುವ ಮುನ್ನ ಬ್ಯಾಟರಿ ಟರ್ಮಿನಲ್ ಹಾಕಿ, ಕನೆಕ್ಟರ್ ಸಿಕ್ಕಿಸಿ, ಮಿರರ್ ಕೈಯಲ್ಲಿ ಹಿಡಿದೇ ಸ್ವಿಚ್ ಒತ್ತಿ ನೋಡಿ. ಎರಡೂ ದಿಕ್ಕಿಗೆ ಹೋಗಿ ತಾನೇ ನಿಲ್ಲಬೇಕು. ನಿಂತ ಮೇಲೂ ಮೋಟರ್ ಸದ್ದು ಬರುತ್ತಿದ್ದರೆ ಮತ್ತೆ ಬಿಚ್ಚಿ. ಇಂಡಿಕೇಟರ್, ಗಾಜು ಹೊಂದಿಸುವ ಮೋಟರ್‌ಗಳನ್ನೂ ಈಗಲೇ ಪರೀಕ್ಷಿಸಿ.

ಆಮೇಲೆ ಬೋಲ್ಟ್‌ಗಳನ್ನು ಸಮವಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಬುಡದ ಸ್ಪಂಜಿನ ಗ್ಯಾಸ್ಕೆಟ್ ಮಡಚಿಕೊಂಡರೆ ಗಾಳಿಯ ಶಿಳ್ಳೆ ಸದ್ದು ಬರುತ್ತದೆ. ಕವರ್ ಹಾಕಿ, ಹೀಟರ್ ವೈರ್ ಸಿಕ್ಕಿಸಿ, ಗಾಜಿನ ಕ್ಲಿಪ್‌ಗಳನ್ನು ಎದುರುಬದುರು ಹೊಂದಿಸಿ. ಬಟ್ಟೆ ಇಟ್ಟು ಅಂಗೈಯಿಂದ ಗಾಜಿನ ನಡುಭಾಗವನ್ನೇ ಒತ್ತಿ. ಅಂಚಿನಲ್ಲಿ ಜೋರಾಗಿ ಒತ್ತಿದರೆ ಗಾಜು ಬಿರಿಯಬಹುದು. ಮಿರರ್ ಕೆಳಗೆ 360 ಡಿಗ್ರಿ ಕ್ಯಾಮೆರಾ ಇರುವ ಕಾರಾದರೆ ಪರದೆಯ ಮೇಲಿನ ಚಿತ್ರ ನೋಡಿ. ಗೆರೆಗಳು ಹೊಂದದಿದ್ದರೆ ಕ್ಯಾಲಿಬ್ರೇಷನ್ (ಕ್ಯಾಮೆರಾ ಹೊಂದಾಣಿಕೆ) ಮಾಡಿಸಬೇಕು.

ಮೊದಲ ಓಡಾಟವನ್ನು ಖಾಲಿ ರಸ್ತೆಯಲ್ಲಿ ಮಾಡಿ. ವೇಗ ಏರಿದಾಗ ಗಾಜಿನಲ್ಲಿ ಹಿಂದಿನ ಗಾಡಿ ನಡುಗದೆ ಸ್ಪಷ್ಟವಾಗಿ ಕಾಣಬೇಕು. ಮಿರರ್ ಗಾಳಿಗೆ ತಾನೇ ಒಳಕ್ಕೆ ವಾಲುತ್ತಿದ್ದರೆ ಕ್ಲಚ್ ಗುಳಿಯಲ್ಲಿ ಕೂತಿಲ್ಲ. ಅದನ್ನು ಸರಿ ಮಾಡದೆ ಹೈವೇಗೆ ಹೋಗಬೇಡಿ. ಪಾರ್ಟ್ ಬರುವ ತನಕ ಕಾರು ಬೇಕೇ ಬೇಕು ಅಂದರೆ, ಗಟ್ಟಿಯಾಗಿ ನಿಲ್ಲುವ ಮಿರರ್ ಆಗಿದ್ದಲ್ಲಿ ಮಾತ್ರ ತೆರೆದ ಸ್ಥಿತಿಯಲ್ಲಿಟ್ಟು, ಲಾಕ್ ಮಾಡಿದಾಗ ತಾನೇ ಮಡಚುವ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಒಂದು ಕಡೆಯ ಗಿಯರ್ ಹೋಗಿದೆ ಅಂದರೆ ಇನ್ನೊಂದರದ್ದೂ ಅಷ್ಟೇ ವಯಸ್ಸು. ತಂದ ಗಿಯರ್ ಅಳತೆ ಬರೆದ ಚೀಟಿಯನ್ನು ಗ್ಲವ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ.